ಎಳ್ಳಮಾವಾಸ್ಯೆ ರಾತ್ರಿ ದೇವಯಾನಿಯನ್ನು ನೋಡುವುದು ಹೇಗೆ

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಉಂಡು, ಹೊತ್ತು ಮುಳುಗುವ ಮೊದಲು ಮನೆಗೆ ಬರುತ್ತಾರೆ. ಈ ಸಲ ಅಷ್ಟು ಬೇಗ ಬರಬೇಡಿ. ಇನ್ನೆರಡು ತಾಸು ಹೊಲದಲ್ಲೇ ಇರಿ. ಎರಡು ರೊಟ್ಟಿ ಉಳಿಸಿಕೊಳ್ಳಿ, ಬೇಕಾಗುತ್ತವೆ.

ನಾನು 28 ವರ್ಷ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಹೇಳಿದವನು. ಬೋರ್ಡಿನ ಮೇಲೆ 'ದೇವಯಾನಿಯ ದೂರ 25 ಲಕ್ಷ ಜ್ಯೋತಿರ್ವರ್ಷ' ಎಂದು ಬರೆದರೆ ಹುಡುಗರು ಬರೆದುಕೊಳ್ಳುತ್ತಿದ್ದರು, ಅಷ್ಟೇ. ಅದೇ ಹುಡುಗರನ್ನು ಕತ್ತಲಲ್ಲಿ ನಿಲ್ಲಿಸಿ ತೋರಿಸಿದಾಗ ಮಾತು ನಿಲ್ಲುತ್ತಿತ್ತು. ಅದಕ್ಕೇ ಈ ಬರಹ.

ನೋಡಬೇಕಾದದ್ದು ದೇವಯಾನಿ ಗ್ಯಾಲಕ್ಸಿ, ಅಂದರೆ ಆಂಡ್ರೊಮಿಡಾ ಎಂಬ ದೊಡ್ಡ ನಕ್ಷತ್ರರಾಶಿ. ನಮ್ಮ ಬರಿಗಣ್ಣಿಗೆ ಕಾಣುವ ಅತಿ ದೂರದ ವಸ್ತು ಹೆಚ್ಚುಕಡಿಮೆ ಇದೇ. ಟೆಲಿಸ್ಕೋಪ್ ಬೇಡ. ಕತ್ತಲೆ ಬೇಕು, ತಾಳ್ಮೆ ಬೇಕು. ಅಮಾವಾಸ್ಯೆ ಆದ್ದರಿಂದ ಚಂದ್ರನ ಕಾಟವಿಲ್ಲ. ಊರಿನ ದೀಪಗಳು ಬೆನ್ನ ಹಿಂದೆ ಇರಲಿ. ಮೊಬೈಲ್ ಜೇಬಿನಿಂದ ತೆಗೆಯಬೇಡಿ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು. ಒಮ್ಮೆ ಪರದೆ ನೋಡಿದರೆ ಆ ಅರ್ಧ ಗಂಟೆ ಮತ್ತೆ ಮೊದಲಿನಿಂದ. ಟಾರ್ಚ್ ಬೇಕೇ ಬೇಕೆಂದರೆ ಅದಕ್ಕೆ ಕೆಂಪು ಜಿಲೇಟಿನ್ ಕಾಗದ ಸುತ್ತಿ.

ಆ ಅರ್ಧ ಗಂಟೆ ರೊಟ್ಟಿ ಕೆಲಸ ಮಾಡಿ. ಒಂದು ರೊಟ್ಟಿಯನ್ನು ನೆಲದ ಮೇಲೆ ಬಟ್ಟೆ ಹಾಸಿ ಇಡಿ. ಅದು ನಮ್ಮ ಆಕಾಶಗಂಗೆ, ನಾವಿರುವ ಗ್ಯಾಲಕ್ಸಿ. ಅದರ ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ, ಅಂದರೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೂ ಆ ಅಂಚಿನಿಂದ ಈ ಅಂಚಿಗೆ ಬರಲು 1 ಲಕ್ಷ ವರ್ಷ. ರೊಟ್ಟಿಯ ನಡುವಿಗೂ ಅಂಚಿಗೂ ಮಧ್ಯದಲ್ಲಿರುವ ಒಂದು ಎಳ್ಳುಕಾಳಿನ ಮೇಲೆ ಬೆರಳಿಡಿ. ಸೂರ್ಯ, ಭೂಮಿ, ನಾವು ಎಲ್ಲ ಅದರೊಳಗೆ. ರಾತ್ರಿ ತಲೆ ಮೇಲೆ ಬಿಡಿಬಿಡಿಯಾಗಿ ಕಾಣುವ ಚುಕ್ಕಿಗಳಲ್ಲೂ ಬಹುಪಾಲು ಆ ಒಂದು ಎಳ್ಳುಕಾಳಿನ ಅಳತೆಯಲ್ಲೇ ಇವೆ. ಈಗ ಇನ್ನೊಂದು ರೊಟ್ಟಿ ಹಿಡಿದು ಹತ್ತು ಹೆಜ್ಜೆ ನಡೆಯಿರಿ. ಅಲ್ಲಿ ಇಡಿ. ಅದು ದೇವಯಾನಿ. ನಡುವೆ ಇರುವುದು ಹೆಚ್ಚುಕಡಿಮೆ ಖಾಲಿ ಜಾಗ.

ಏಳೂಕಾಲರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಅರ್ಧ ಆಕಾಶದ ಎತ್ತರದಲ್ಲಿ ಐದು ನಕ್ಷತ್ರಗಳು ಇಂಗ್ಲಿಷಿನ ಎಂ ಅಕ್ಷರದ ಹಾಗೆ ಕಾಣುತ್ತವೆ. ಅದು ಕ್ಯಾಸಿಯೋಪಿಯಾ. ಎಂ ಅಕ್ಷರದ ಎರಡು ತುದಿಗಳಲ್ಲಿ ಒಂದು ಸ್ವಲ್ಪ ಎತ್ತರ, ಚೂಪು. ಕೈ ಚಾಚಿ ಮುಷ್ಟಿ ಹಿಡಿಯಿರಿ. ಆ ಚೂಪು ತುದಿ ತೋರಿಸುವ ಕಡೆಗೆ ಒಂದೂವರೆ ಮುಷ್ಟಿ ಮೇಲೆ ಹೋಗಿ. ಜನವರಿ ನಡುವಿನಲ್ಲಿ ಅಮಾವಾಸ್ಯೆ ಬಂದರೆ ಎಂ ಎಡಕ್ಕೆ ವಾಲಿರುತ್ತದೆ, ಆಗಲೂ ತುದಿ ತೋರಿಸುವ ದಾರಿಯೇ ಸರಿ.

ಪಂಚಾಂಗ ಗೊತ್ತಿರುವವರಿಗೆ ಇನ್ನೊಂದು ದಾರಿ. ಪೂರ್ವಾಭಾದ್ರದ ಎರಡು, ಉತ್ತರಾಭಾದ್ರದ ಎರಡು ಸೇರಿದರೆ ಆಕಾಶದಲ್ಲಿ ದೊಡ್ಡ ಚೌಕ ಆಗುತ್ತದೆ. ಉತ್ತರಾಭಾದ್ರದ ಉತ್ತರದ ನಕ್ಷತ್ರದಿಂದ ಚೌಕ ಬಿಟ್ಟು ಹೊರಗೆ ಹೊರಡಿ. ಒಂದು ಮಂಕು ನಕ್ಷತ್ರ ದಾಟಿದ ಮೇಲೆ ಬರುವ ಹೊಳಪಿನ ನಕ್ಷತ್ರ ಮಿರಾಕ್. ಅಲ್ಲಿಂದ ಎಂ ಕಡೆ ತಿರುಗಿ, ಎರಡೆರಡು ಬೆರಳಿನ ಅಂತರದಲ್ಲಿ ಎರಡು ಸಣ್ಣ ನಕ್ಷತ್ರ. ಎರಡನೆಯದರ ಪಕ್ಕದಲ್ಲೇ ನಮ್ಮ ಗುರಿ.

ಮೊದಲು ಏನೂ ಕಾಣುವುದಿಲ್ಲ. ಆಗ ನೆಟ್ಟಗೆ ನೋಡಬೇಡಿ, ಓರೆಗಣ್ಣಿನಿಂದ ನೋಡಿ. ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಅದರ ಸುತ್ತ ಇವೆ. ಸ್ವಲ್ಪ ಪಕ್ಕಕ್ಕೆ ದೃಷ್ಟಿ ಸರಿಸಿದ ಕೂಡಲೇ ಒಂದು ಬೂದು ಮಬ್ಬು ಮೂಡುತ್ತದೆ. ಕನ್ನಡಿಗೆ ಉಸಿರು ಬಿಟ್ಟ ಗುರುತಿನ ಹಾಗೆ. ಅದೇ. ದುರ್ಬೀನು ಇದ್ದರೆ ಆ ಮಬ್ಬು ಉದ್ದಕ್ಕೆ ಹರಡಿರುವುದೂ ತಿಳಿಯುತ್ತದೆ.

ಇದು ಬೇರೆಯೇ ಗ್ಯಾಲಕ್ಸಿ ಎಂದು ತಿಳಿದು ನೂರು ವರ್ಷ ಆಗಿದೆ ಅಷ್ಟೇ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಅಮೆರಿಕದ ಮೌಂಟ್ ವಿಲ್ಸನ್‌ನ 100 ಇಂಚಿನ ಟೆಲಿಸ್ಕೋಪಿನಿಂದ ಇದರ ಫೋಟೋ ತೆಗೆದರು. ಅದರಲ್ಲಿ ಲಯಬದ್ಧವಾಗಿ ಹೊಳಪು ಏರಿ ಇಳಿಯುವ ಒಂದು ನಕ್ಷತ್ರ ಸಿಕ್ಕಿತು. ಅಂಥ ನಕ್ಷತ್ರ ಹೊಳಪು ಬದಲಿಸಲು ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂಬುದರಿಂದ ಅದರ ನಿಜವಾದ ಬೆಳಕು ಎಷ್ಟು ಎಂದು ತಿಳಿಯಬಹುದು. ಇದನ್ನು ಕಂಡುಹಿಡಿದು 1912ರಲ್ಲಿ ಪ್ರಕಟಿಸಿದವರು ಹೆನ್ರಿಯೆಟಾ ಲೆವಿಟ್. ನಿಜವಾದ ಬೆಳಕನ್ನು ನಮಗೆ ಕಾಣುವ ಬೆಳಕಿನ ಜೊತೆ ಹೋಲಿಸಿದರೆ ದೂರ ಸಿಗುತ್ತದೆ. ಹಬಲ್ ಲೆಕ್ಕಕ್ಕೆ ಆ ದೂರ 9 ಲಕ್ಷ ಜ್ಯೋತಿರ್ವರ್ಷ ಬಂತು. ಇವತ್ತಿನ ಲೆಕ್ಕ 25 ಲಕ್ಷ. ಹಬಲ್ ಹೆಸರು ಎಲ್ಲರಿಗೂ ಗೊತ್ತು. ಲೆವಿಟ್ ಹೆಸರನ್ನೂ ಮಕ್ಕಳಿಗೆ ಹೇಳಿ.

ಮಬ್ಬು ಕಂಡ ಮೇಲೆ ಮಾತಾಡದೆ ಸ್ವಲ್ಪ ಹೊತ್ತು ಕೌದಿ ಹಾಸಿ ಮಲಗಿ. ನಾನು ಆಗ ಯೋಚಿಸುವುದು ಇಸಾಂಪುರದ ಬಗ್ಗೆ. ಹುಣಸಗಿ ಹತ್ತಿರದ ಆ ಊರಲ್ಲಿ ಆದಿಮಾನವರು ಸುಣ್ಣಕಲ್ಲು ಕೆತ್ತಿ ಕೈಗೊಡಲಿ ಮಾಡುತ್ತಿದ್ದ ಜಾಗ ಅಗೆತದಲ್ಲಿ ಸಿಕ್ಕಿದೆ. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ಅವರು ಕಲ್ಲು ಒಡೆಯುತ್ತಿದ್ದಾಗ ಈ ಬೆಳಕು ಅರ್ಧ ದಾರಿಯಲ್ಲಿತ್ತು. ಹೊರಟಾಗ ನಮ್ಮಂಥ ಮನುಷ್ಯರು ಭೂಮಿ ಮೇಲೆ ಇರಲೇ ಇಲ್ಲ. ನಾವು ಹುಟ್ಟಿ 3 ಲಕ್ಷ ವರ್ಷ. ಬೆಳಕು ಪ್ರಯಾಣದ ಕೊನೆಯ ಭಾಗದಲ್ಲಿದ್ದಾಗ ನಾವು ಬಂದೆವು.

ಇದನ್ನು ಕೇಳಿ 'ಹಾಗಾದರೆ ನಾವು ಏನೂ ಅಲ್ಲ' ಎನ್ನುವವರು ಜಾಸ್ತಿ. ನನಗೆ ಹಾಗೆ ಅನಿಸಿಲ್ಲ. ಅದೇ ಬೆಳಕು ಜೋಳದ ಎಲೆ ಮೇಲೂ ಬೀಳುತ್ತದೆ, ಬದುವಿನ ಕಲ್ಲಿನ ಮೇಲೂ ಬೀಳುತ್ತದೆ. ಎಲ್ಲಿಂದ ಬಂದೆ ಎಂದು ಕೇಳುವವರು ಆ ಹೊಲದಲ್ಲಿ ನಾವೇ ಅಲ್ವಾ?

ಅವ್ವನಿಗೆ ಮೊದಲ ಸಲ ತೋರಿಸಿದಾಗ ಅವಳಿಗೆ 71 ವರ್ಷ. ಓರೆಗಣ್ಣಿನ ಉಪಾಯ ಅವಳಿಗೆ ನನ್ನ ವಿದ್ಯಾರ್ಥಿಗಳಿಗಿಂತ ಬೇಗ ಹೊಂದಿತು. ತುಂಬಾ ಹೊತ್ತು ನೋಡಿ, "ಅಷ್ಟ ಹಳೀ ಬೆಳಕಂದ್ರ, ಅದು ಈಗೂ ಅಲ್ಲೇ ಐತೇನೋ ತಮ್ಮಾ?" ಎಂದಳು.

ಐತಿ ಎಂದೆ. ಸೂರ್ಯನಂಥ ನಕ್ಷತ್ರದ ಆಯಸ್ಸು ಸುಮಾರು 1000 ಕೋಟಿ ವರ್ಷ, 25 ಲಕ್ಷ ಅದಕ್ಕೆ ಏನೇನೂ ಅಲ್ಲ. ಬಹಳ ದೊಡ್ಡ ಕೆಲವು ನಕ್ಷತ್ರಗಳು ಅಷ್ಟರಲ್ಲಿ ಸಿಡಿದು ಹೋಗಿರುತ್ತವೆ, ಹೊಸವೂ ಹುಟ್ಟಿರುತ್ತವೆ. ಅವ್ವ ತಲೆ ಆಡಿಸಿ, ನಿದ್ದೆಗಣ್ಣಲ್ಲಿದ್ದ ಮೊಮ್ಮಗಳನ್ನು ಎಬ್ಬಿಸಿದಳು. ಅವಳ ಗದ್ದ ಹಿಡಿದು ಉತ್ತರಕ್ಕೆ ತಿರುಗಿಸಿ, ಎಂ ಅಕ್ಷರದಿಂದಲೇ ಶುರು ಮಾಡಿದಳು.