ಒಂದೇ ಫೈಬರಿನಲ್ಲಿ ಟಿವಿ, ಇಂಟರ್ನೆಟ್ ಎರಡೂ: ನಮ್ಮನೆ ರೌಟರ್ ಹೊಂದಿಸಿದ್ದು ಹೀಗೆ

ಬೆಳಗಾವಿಯ ಮಳೆಗಾಲದಲ್ಲಿ ಡಿಶ್ ಆಂಟೆನಾ ನಂಬಿಕೊಂಡು ಟಿವಿ ನೋಡುವುದು ಕಷ್ಟ. ಉಪಗ್ರಹದಿಂದ ಮನೆಗೆ ಬರುವ ಸಿಗ್ನಲ್ ಸುಮಾರು 12 ಗಿಗಾಹರ್ಟ್ಸ್‌ನದು. ಜೋರು ಮಳೆ ಹಿಡಿದರೆ ಹನಿಗಳೇ ಅದನ್ನು ನುಂಗಿಬಿಡುತ್ತವೆ. ಅವ್ವನ ಧಾರಾವಾಹಿಯ ಹೊತ್ತಿಗೇ ಮಳೆ ಬರುವುದು ಬೇರೆ! ವಡಗಾವಿಯ ನಮ್ಮ ಓಣಿಗೆ ಫೈಬರ್ ಹೇಗೂ ಬಂದಿತ್ತು. ಅದರಲ್ಲೇ ಟಿವಿಯೂ ಬರುತ್ತದೆ ಅಂದರು, ತಗೊಂಡೆ.

ಇದನ್ನು ಯೂಟ್ಯೂಬ್ ತರಹ ಅಂತ ತಿಳಿದರೆ ಮುಂದಿನದು ಯಾವುದೂ ತಲೆಗೆ ಹತ್ತುವುದಿಲ್ಲ. ಯೂಟ್ಯೂಬ್‌ನಲ್ಲಿ ನೋಡುವ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತಿ ಬರುತ್ತದೆ. ಇಲ್ಲಿ ಒಂದು ಚಾನೆಲ್‌ಗೆ ಒಂದೇ ಪ್ರತಿ ಹೊರಡುತ್ತದೆ. ಬೇಕಾದವರು ಕೇಳಿ ಸೇರಿಕೊಳ್ಳುತ್ತಾರೆ, ಬೇಡವಾದರೆ ಬಿಡುತ್ತಾರೆ. ಇದು ಮಲ್ಟಿಕಾಸ್ಟ್. ಕೇಳುವುದು, ಬಿಡುವುದು ನಡೆಯುವುದು ಐಜಿಎಂಪಿ ಅನ್ನುವ ನಿಯಮಾವಳಿಯ ಮೂಲಕ. ಸೆಟ್‌ಟಾಪ್ ಬಾಕ್ಸ್ ಮತ್ತು ಕಂಪನಿ ನಡುವೆ ಈ ಮಾತುಕತೆ ತಪ್ಪದಂತೆ ನೋಡಿಕೊಳ್ಳುವುದೇ ರೌಟರ್‌ನ ಕೆಲಸ.

ಲೈನ್ ಹಾಕಲು ಬಂದ ಹುಡುಗ ಹೇಳಿದ್ದು ಇಷ್ಟೇ: "ಸರ, ಟಿವಿದು ಬ್ಯಾರೆ ವಿ-ಲ್ಯಾನ್ ಐತ್ರಿ. ನಾಕನೇ ಪೋರ್ಟಿಗೆ ಬ್ರಿಜ್ ಮಾಡ್ರಿ, ಆತು."

ಅವನು ಹೇಳಿದ್ದು ಸರಿಯೇ. ವಿ-ಲ್ಯಾನ್ ಅಂದರೆ ಒಂದೇ ಲೈನಿನೊಳಗೆ ನಂಬರ್ ಹಚ್ಚಿ ಬೇರೆ ಮಾಡಿದ ಜಾಲ. ಬ್ರಿಜ್ ಅಂದರೆ ಆ ಜಾಲವನ್ನು ನೇರವಾಗಿ ಒಂದು ಪೋರ್ಟಿಗೆ ಜೋಡಿಸುವುದು. ಒಂದೇ ಎಳೆಯಲ್ಲಿ ಇಂಟರ್ನೆಟ್‌ಗೆ ಒಂದು ವಿ-ಲ್ಯಾನ್ ನಂಬರ್, ಟಿವಿಗೆ ಇನ್ನೊಂದು. 1ರಿಂದ 4094ರವರೆಗೆ ಯಾವುದಾದರೂ ಇರಬಹುದು. ಹಾಗಾಗಿ ಊಹೆ ಮಾಡಬೇಡಿ, ಇನ್ನೊಂದು ಊರಿನವರ ನಂಬರ್ ಕಾಪಿ ಹೊಡೆಯಬೇಡಿ. ನಿಮ್ಮ ಕಂಪನಿಯವರನ್ನೇ ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟೋ ರೌಟರ್‌ಗಳಲ್ಲಿ ಐಪಿಟಿವಿ (ಇಂಥ ಟಿವಿಗೆ ಇರುವ ಹೆಸರು) ಅಂತಲೇ ಒಂದು ಪುಟ ಇರುತ್ತದೆ. ಅಲ್ಲಿ ಎರಡೂ ನಂಬರ್ ಹಾಕಿ, ನಾಲ್ಕನೇ ಲ್ಯಾನ್ ಪೋರ್ಟನ್ನು ಟಿವಿಗೆ ಬಿಟ್ಟುಕೊಟ್ಟರೆ ಮುಗೀತು. ಸರಿಯಾಗಿದೆಯಾ ಅಂತ ನೋಡಲು ಆ ಪೋರ್ಟಿಗೆ ಲ್ಯಾಪ್‌ಟಾಪ್ ಹಚ್ಚಿ. ಮನೆಯ ಬೇರೆ ಕಂಪ್ಯೂಟರ್‌ಗಳಿಗೆ ಸಿಗುವಂಥ ವಿಳಾಸ ಅದಕ್ಕೆ ಸಿಗಬಾರದು. ಸಿಕ್ಕರೆ ಬ್ರಿಜ್ ಆಗಿಲ್ಲ ಅಂತ.

ಬರೀ ಟಿವಿ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಿ. ನಿಜವಾಗಿಯೂ. ನಮ್ಮನೆಯಲ್ಲಿ ಅದೇ ಬಾಕ್ಸ್‌ನಲ್ಲಿ ಮಕ್ಕಳಿಗೆ ಯೂಟ್ಯೂಬ್ ಕೂಡ ಬೇಕಿತ್ತು. ಬ್ರಿಜ್ ಮಾಡಿದ ಪೋರ್ಟಿನಲ್ಲಿ ಬಾಕ್ಸ್‌ಗೆ ಟಿವಿಯ ಜಾಲ ಮಾತ್ರ ಕಾಣುತ್ತದೆ, ಇಂಟರ್ನೆಟ್ ಇಲ್ಲ. ಎರಡೂ ಬೇಕೆಂದರೆ ಬಾಕ್ಸ್ ಮನೆಯ ಜಾಲದಲ್ಲೇ ಇರಬೇಕು, ಅದರ ಪರವಾಗಿ ರೌಟರ್ ಹೊರಗೆ ಹೋಗಿ ಚಾನೆಲ್ ಕೇಳಬೇಕು. ಇದು ಐಜಿಎಂಪಿ ಪ್ರಾಕ್ಸಿ.

ನನ್ನ ರೌಟರ್‌ನಲ್ಲಿ ಇರುವ ತಂತ್ರಾಂಶ ಓಪನ್‌ಡಬ್ಲ್ಯುಆರ್‌ಟಿ. ಟಿವಿಯ ವಿ-ಲ್ಯಾನ್‌ಗೆ ಒಂದು ಇಂಟರ್‌ಫೇಸ್, ಅದಕ್ಕೊಂದು ಹೊಸ ಫೈರ್‌ವಾಲ್ ಜೋನ್ (ಏನು ಒಳಗೆ ಬರಬಹುದು ಅಂತ ಕಾಯುವ ನಿಯಮಗಳ ಗುಂಪು) ಮಾಡಿದೆ. ಚಾನೆಲ್ ಪಟ್ಟಿ ಕೊಡುವ ಸರ್ವರ್‌ಗೆ ಟಿವಿ ದಾರಿಯಿಂದಲೇ ಹೋಗುವಂತೆ ರೂಟ್ ಹಾಕಿದೆ. ಚಿತ್ರ ಕಳಿಸುವ ಸರ್ವರ್‌ಗಳು ಬೇರೆ ವಿಳಾಸದಲ್ಲಿದ್ದರೆ ಅದನ್ನು ಪ್ರಾಕ್ಸಿಯ ಆಲ್ಟ್‌ನೆಟ್ ಸಾಲಿನಲ್ಲಿ ಬರೆಯಬೇಕು, ಇಲ್ಲದಿದ್ದರೆ ಪ್ರಾಕ್ಸಿ ಆ ಚಿತ್ರವನ್ನು ಕಡೆಗಣಿಸುತ್ತದೆ. ಮಲ್ಟಿಕಾಸ್ಟ್‌ನ ವಿಳಾಸಗಳಾದ 224.0.0.0/4ಕ್ಕೆ ಬರುವ ಯುಡಿಪಿಯನ್ನು (ಚಿತ್ರ ಹೊತ್ತು ತರುವ ಡೇಟಾ) ಒಳಗೆ ಬಿಡುವ ಒಂದು ನಿಯಮವೂ ಬೇಕು.

ಚಿತ್ರ ಬಂತು. ನಾಲ್ಕು ನಿಮಿಷ ಚೆನ್ನಾಗಿ ಓಡಿ ನಿಂತಿತು. ಚಾನೆಲ್ ಬದಲಿಸಿದರೆ ಮತ್ತೆ ಬರುತ್ತದೆ, ಮತ್ತೆ ನಾಲ್ಕು ನಿಮಿಷಕ್ಕೆ ನಿಲ್ಲುತ್ತದೆ. ಅವ್ವ ರಿಮೋಟ್ ಹಿಡಿದೇ ಕೂತರು. ಗಡಿಯಾರ ಇಟ್ಟು ನೋಡಿದರೆ ಹೆಚ್ಚು ಕಡಿಮೆ 260 ಸೆಕೆಂಡ್. ಈ ಸಂಖ್ಯೆ ಕಂಡ ಕೂಡಲೇ ಕಾರಣ ಅರ್ಧ ಸಿಕ್ಕಂತೆ. ಶಾಲೆಯಲ್ಲಿ ಹಾಜರಿ ಕರೆಯುವಂತೆ, ಕಂಪನಿ ಕಡೆಯ ಉಪಕರಣ 125 ಸೆಕೆಂಡಿಗೊಮ್ಮೆ "ಯಾರ್ಯಾರು ನೋಡುತ್ತಿದ್ದೀರಿ?" ಅಂತ ಕೇಳುತ್ತದೆ. ಎರಡು ಸಲ ಕೇಳುವಷ್ಟು ಹೊತ್ತು, ಮೇಲೆ ಉತ್ತರಕ್ಕೆ 10 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಚಾನೆಲ್ ಕತ್ತರಿಸುತ್ತದೆ. ರೌಟರ್‌ನಲ್ಲಿ, ಹೋಗಿ ಬರುವ ಡೇಟಾ ತೋರಿಸುವ ಟಿಸಿಪಿಡಂಪ್ ಓಡಿಸಿದೆ. ಪ್ರಶ್ನೆ ಬರುತ್ತಿತ್ತು, ಉತ್ತರ ಹೋಗುತ್ತಿರಲಿಲ್ಲ. ಫೈರ್‌ವಾಲ್ ಆ ಪ್ರಶ್ನೆಯನ್ನು ಪ್ರಾಕ್ಸಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಇಂಟರ್ನೆಟ್ ಕಡೆಯ ಮಾಮೂಲಿ ವ್ಯಾನ್ ಜೋನ್‌ಗೆ ಐಜಿಎಂಪಿ ಬಿಡುವ ನಿಯಮ ಮೊದಲೇ ಇರುತ್ತದೆ. ಹೊಸ ಜೋನ್‌ಗೆ ನಾವೇ ಸೇರಿಸಬೇಕು. ಸೇರಿಸಿದ ಮೇಲೆ ಧಾರಾವಾಹಿ ಪೂರ್ತಿ ಓಡಿತು.

ಇನ್ನೊಂದು ತಕರಾರು ವೈಫೈದು. ಟಿವಿ ಹಚ್ಚಿದಾಗೆಲ್ಲ ಮೊಬೈಲ್‌ಗಳಲ್ಲಿ ನೆಟ್ ತೆವಳುತ್ತಿತ್ತು. ಚಾನೆಲ್ ಕೇಳಿದ ಪೋರ್ಟಿಗೆ ಮಾತ್ರ ಅದನ್ನು ಕಳಿಸುವ ಐಜಿಎಂಪಿ ಸ್ನೂಪಿಂಗ್ ಆಫ್ ಇದ್ದರೆ ಚಾನೆಲ್‌ನ ಪ್ರತಿ ಮನೆಯ ಎಲ್ಲ ಪೋರ್ಟಿಗೂ, ವೈಫೈಗೂ ಹರಿಯುತ್ತದೆ. ವೈಫೈಯಲ್ಲಿ ಮಲ್ಟಿಕಾಸ್ಟ್ ಸಾಮಾನ್ಯವಾಗಿ ತೀರಾ ಕಡಿಮೆ ವೇಗದಲ್ಲಿ ಹೋಗುತ್ತದೆ, ತಪ್ಪಿದ ತುಂಡನ್ನು ಮತ್ತೆ ಕಳಿಸುವುದೂ ಇಲ್ಲ. ಒಂದು ಎಚ್‌ಡಿ ಚಾನೆಲ್ ಸಾಕು, ಗಾಳಿಯೆಲ್ಲ ಅದೇ ತುಂಬಿಕೊಳ್ಳುತ್ತದೆ. ಸ್ನೂಪಿಂಗ್ ಆನ್ ಮಾಡಿದೆ, ಸರಿಹೋಯಿತು.

ಬಾಕ್ಸ್‌ಗೆ ವೈಫೈ ಇದೆ ಅಂತ ಅಂಗಡಿಯವರು ಹೇಳಿದರೂ ನಾನಂತೂ ವೈರೇ ಎಳೆಯುತ್ತೇನೆ. ನಮ್ಮದು ಹಳೇ ಮನೆ, ದಪ್ಪ ಗೋಡೆ. ಅಟ್ಟದ ಮೇಲಿಂದ ಕ್ಯಾಟ್ 5ಇ ಕೇಬಲ್ ಇಳಿಸಿದ್ದೇನೆ. ಪಕ್ಕದ ಮನೆ ಕಾಕು ಮರಾಠಿ ಚಾನೆಲ್‌ಗಾಗಿ ಇದನ್ನೇ ಹಾಕಿಸಿಕೊಂಡರು. ಅವರಿಗೆ ಯೂಟ್ಯೂಬ್ ಬೇಡ, ಹಾಗಾಗಿ ಸುಮ್ನೆ ಬ್ರಿಜ್ ಪೋರ್ಟ್ ಮಾಡಿಕೊಟ್ಟೆ, ಚಹಾ ಕುಡಿಯುವಷ್ಟರಲ್ಲಿ ಆಯಿತು. ಎರಡನೇ ಟಿವಿಗೆ ಆ ಪೋರ್ಟಿನಿಂದಲೇ ಒಂದು ಸಾದಾ ಸ್ವಿಚ್ ಸಾಕು. ಅದರಲ್ಲಿ ಟಿವಿ ಬಾಕ್ಸ್‌ಗಳು ಮಾತ್ರ ಇರಲಿ.

ಕರೆಂಟಿನದೂ ಯೋಚನೆ ಮಾಡಿ. ಟಿವಿ ಇನ್ವರ್ಟರ್‌ನಲ್ಲಿದ್ದು, ಫೈಬರ್ ಡಬ್ಬಿ ಮತ್ತು ರೌಟರ್ ಹೊರಗಿದ್ದರೆ ಏನೂ ಪ್ರಯೋಜನವಿಲ್ಲ ಅಲ್ವಾ? ನಮ್ಮಲ್ಲಿ ಎರಡೂ 12 ವೋಲ್ಟ್‌ನವು, ಒಂದೇ ಚಿಕ್ಕ ಯುಪಿಎಸ್ ಸಾಕಾಯಿತು. ಎರಡು ಅಡಾಪ್ಟರ್ ಮೇಲೆ ಬರೆದಿರುವ ಆಂಪಿಯರ್ ಕೂಡಿಸಿ, ಅದಕ್ಕಿಂತ ಜಾಸ್ತಿ ಕೊಡುವಂಥದ್ದು ತಗೊಳ್ಳಿ.