ಹುಬ್ಬಳ್ಳಿಯಲ್ಲಿ ನಡೆಯುತ್ತಿದ್ದ ಖಾನಾವಳಿ ಹಿಡಿದ ಬಗೆ

ಗದಗಿನಿಂದ ಬಂದು ಹುಬ್ಬಳ್ಳಿಯ ವಿದ್ಯಾನಗರದ ಕಡೆ ಖಾನಾವಳಿ ನಡೆಸುತ್ತಿದ್ದೇನೆ. ಖಾಲಿ ಅಂಗಡಿ ಹಿಡಿದು ಶುರು ಮಾಡಿದ್ದಲ್ಲ, ನಡೆಯುತ್ತಿದ್ದದ್ದನ್ನೇ ತೆಗೆದುಕೊಂಡೆ. ಒಲೆ, ಪಾತ್ರೆ, ಟೇಬಲ್, ಕೆಲಸದವರು, ಗಿರಾಕಿ ಎಲ್ಲಾ ಸಿದ್ಧ ಇರುತ್ತೆ, ಗೋಡೆ ಮಾತ್ರ ಬೇರೆಯವರದು. ಆ ಗೋಡೆಯ ವಿಚಾರ ಮುಗಿಸದೆ ಒಲೆಗೆ ದುಡ್ಡು ಕೊಡಬಾರದು ಅನ್ನುವುದು ನನ್ನ ಲೆಕ್ಕ.

ಮಾರುವವರು 6 ಲಕ್ಷ ಕೇಳಿದರು. ಸಾಮಾನಿಗೆ ಅಷ್ಟಾಗುವುದಿಲ್ಲ. ಉಳಿದದ್ದು ಗುಡ್‌ವಿಲ್, ಅಂದರೆ ಹೆಸರು ಮತ್ತು ಕಟ್ಟಿಕೊಂಡ ಗಿರಾಕಿಯ ಬೆಲೆ ಅಂದರು. ಹಳಬರು ಇದಕ್ಕೇ ಪಗಡಿ ಅಂತಾರೆ. ಸರಿ, ನಿಮ್ಮ ಕರಾರು ಪತ್ರ ತೋರಿಸಿ ಅಂದೆ. 11 ತಿಂಗಳದ್ದು, ಅದೂ ಯಾವಾಗಲೋ ಮುಗಿದಿತ್ತು. ಮೇಲಾಗಿ ಮಾಲೀಕರ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು. ಅಂದರೆ ಅವರ ಹತ್ತಿರ ಮಾರಲು ಇದ್ದದ್ದು ಪಾತ್ರೆ ಮತ್ತು ಹೆಸರು ಅಷ್ಟೇ. ಜಾಗವನ್ನು ಮಾಲೀಕರೇ ಕೊಡಬೇಕು.

ಈ 11 ತಿಂಗಳ ಕತೆ ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ವರ್ಷ ಮೀರುವ ಲೀಸ್ ಪತ್ರ ನೋಂದಣಿ ಆಗಲೇಬೇಕು ಅನ್ನುತ್ತೆ 1908ರ ನೋಂದಣಿ ಕಾಯ್ದೆ. ಆ ಖರ್ಚು, ಓಡಾಟ ತಪ್ಪಿಸಲಿಕ್ಕೇ ಎಲ್ಲರೂ 11 ಅಂತ ಬರೆಸುತ್ತಾರೆ. ಮನೆ ಬಾಡಿಗೆಗೆ ನಡೆಯುತ್ತೆ. ಲಕ್ಷಗಟ್ಟಲೆ ಸುರಿಯುವ ಅಂಗಡಿಗೆ ನಡೆಯಲ್ಲ. ಅವಧಿ ಮುಗಿದ ಮೇಲೆ ಸುಮ್ನೆ ಬಾಡಿಗೆ ಕೊಡುತ್ತಾ ಕೂತರೆ ಅದು ತಿಂಗಳ ಲೆಕ್ಕದ ಬಾಡಿಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು. 'ಬಾಡಿಗೆ ಕಾಯ್ದೆ ಐತಲ್ಲ, ಯಾರೂ ಏಳಸಂಗಿಲ್ಲ' ಅಂತ ಧೈರ್ಯ ಹೇಳುವವರೂ ಸಿಕ್ಕರು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ 14 ಚದರ ಮೀಟರ್ ಮೀರಿದ ವ್ಯಾಪಾರದ ಜಾಗಕ್ಕೆ ಲಾಗೂ ಆಗುವುದೇ ಇಲ್ಲ. ಅದು ಸುಮಾರು 150 ಚದರ ಅಡಿ. ಪಾನ್ ಅಂಗಡಿ ಅದರಲ್ಲಿ ಹಿಡಿಸೀತು, ಖಾನಾವಳಿ ಹಿಡಿಸುತ್ತಾ?

ಮಾಲೀಕರು ಹಿರಿಯರು. 'ಹನ್ನೊಂದು ತಿಂಗಳದ್ದು ಸಾಕು ತಮ್ಮಾ, ಎಲ್ಲಾರೂ ಹಂಗ ಮಾಡ್ತಾರ' ಅಂದರು. ದೊಡ್ಡ ಅವಧಿ ಬರೆದುಕೊಟ್ಟರೆ ಬಾಡಿಗೆದಾರ ಏಳುವುದೇ ಇಲ್ಲ ಅನ್ನುವ ಭಯ ಅವರಿಗೆ. 'ಇಲ್ರೀ ಯಜಮಾನ್ರ, ಮುಗಿಯೋ ತಾರೀಖು ನೋಂದಣಿ ಪತ್ರದಾಗ ಇದ್ದರ ನಿಮಗೂ ಗಟ್ಟಿ' ಅಂತ ಕೂತು ಹೇಳಿದೆ. ಕೊನೆಗೆ 5 ವರ್ಷಕ್ಕೆ ಒಪ್ಪಿದರು. ವರ್ಷಕ್ಕೆ 5% ಬಾಡಿಗೆ ಏರಿಕೆ. ಸತತ ಎರಡು ತಿಂಗಳು ಬಾಡಿಗೆ ನಿಂತರೆ ಬಿಡಬೇಕು. ಮೊದಲ 3 ವರ್ಷ ಅವರು ಬಿಡಿಸುವಂತಿಲ್ಲ, ನಾನು ಮಾತ್ರ 3 ತಿಂಗಳು ಮೊದಲೇ ಹೇಳಿ ಬಿಡಬಹುದು. ಮುಂದೆ ನಾನು ಬೇರೆಯವರಿಗೆ ವಹಿಸುವುದಾದರೆ ಸರಿಯಾದ ಕಾರಣ ಇಲ್ಲದೆ ಬೇಡ ಅನ್ನುವಂತಿಲ್ಲ. ಈ ಸಾಲಿಗೆ ಜಾಸ್ತಿ ಜಗ್ಗಾಡಿದೆವು. ಇದೊಂದು ಇಲ್ಲದಿದ್ದರೆ ನಾನು ಇವತ್ತು ಕೊಡುವ ಪಗಡಿ ನಾಳೆ ನನಗೆ ವಾಪಸ್ ಬರುವ ದಾರಿಯೇ ಇರುತ್ತಿರಲಿಲ್ಲ. ಸ್ಟಾಂಪು, ನೋಂದಣಿ ಖರ್ಚು ನನ್ನದು ಅಂದ ಮೇಲೆ ಮಾತು ಸಲೀಸಾಯಿತು.

ಸಹಿಗೆ ಮೊದಲು ಜಾಗದ ಕಾಗದ ನೋಡಿದೆ. ಹುಬ್ಬಳ್ಳಿಯ ಹಳೇ ಭಾಗಗಳಲ್ಲಿ ಸಿಟಿ ಸರ್ವೆ ಇದೆ. ಆ ಸರ್ವೆಯ ಸಿಟಿಎಸ್ ನಂಬರ್ ಕೊಟ್ಟರೆ ಪ್ರಾಪರ್ಟಿ ಕಾರ್ಡ್ ಸಿಗುತ್ತೆ, ಯಾರ ಯಾರ ಹೆಸರಿದೆ ಅಂತ ಅದರಲ್ಲೇ ಗೊತ್ತಾಗುತ್ತೆ. ನಮ್ಮ ಕಟ್ಟಡದ ಮೇಲೆ ಅಣ್ಣತಮ್ಮಂದಿರ ಹೆಸರು ಒಟ್ಟಿಗೇ ಇತ್ತು, ವಾಟ್ನಿ (ಪಾಲು ಹಂಚಿಕೆ) ಆಗಿರಲಿಲ್ಲ. ಬಾಡಿಗೆ ವಸೂಲಿ ಮಾಡುವ ಅಣ್ಣ ಒಬ್ಬರೇ ಸಹಿ ಹಾಕಿದರೆ ನಾಳೆ ತಮ್ಮ ಬಂದು ಬಾಗಿಲಲ್ಲಿ ನಿಲ್ಲಬಹುದು. ಎಲ್ಲರ ಸಹಿ ತೆಗೆದುಕೊಂಡೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪತ್ರ) ತೆಗೆಸಿ ಬ್ಯಾಂಕ್ ಸಾಲದ ಬೋಜಾ ಇದೆಯಾ ಅಂತಲೂ ನೋಡಿದೆ. ಅಡವಿಟ್ಟ ಕಟ್ಟಡವಾದರೆ ಬ್ಯಾಂಕಿನ ಒಪ್ಪಿಗೆ ಪತ್ರ ಕೇಳಲೇಬೇಕು. ಸಾಲ ಕಟ್ಟದೆ ಬ್ಯಾಂಕ್ ಕಟ್ಟಡ ವಶ ಮಾಡಿಕೊಂಡರೆ, ಒಪ್ಪಿಗೆ ಇಲ್ಲದ ನಮ್ಮ ಲೀಸ್ ಹಿಡಿದುಕೊಂಡು ವಾದ ಮಾಡುವುದು ಕಷ್ಟ.

ಇನ್ನು ವ್ಯಾಪಾರದ ಲೆಕ್ಕ. 'ದಿನಾ ಮುನ್ನೂರು ಊಟ' ಅಂದರು ಮಾರುವವರು. ಬಾಯಿ ಮಾತು ಬಿಟ್ಟು ಹಿಟ್ಟಿನ ಗಿರಣಿಯ ಚೀಟಿ ನೋಡಿದೆ. ಒಂದು ಕಿಲೋ ಜೋಳದ ಹಿಟ್ಟಿಗೆ ಹತ್ತು-ಹನ್ನೆರಡು ರೊಟ್ಟಿ, ಊಟಕ್ಕೆ ಎರಡು ಅಂತ ಹಿಡಿದರೆ ಊಟದ ಲೆಕ್ಕ ತಾನೇ ಬರುತ್ತೆ. 19 ಕಿಲೋ ವಾಣಿಜ್ಯ ಸಿಲಿಂಡರ್ ತಿಂಗಳಿಗೆ ಎಷ್ಟು ಬಂತು ಅನ್ನುವ ಬಿಲ್ ಅದಕ್ಕೆ ತಾಳೆ ಆಗಬೇಕು. (ಬಿಲ್ ಕಡಿಮೆ ಇದ್ದು ಒಲೆ ಜೋರಾಗಿ ಉರಿಯುತ್ತಿದ್ದರೆ ಮನೆ ಸಿಲಿಂಡರ್ ಎಲ್ಲೋ ಹಿಂದೆ ಇದೆ ಅಂತ ಅರ್ಥ.) ಫೋನ್‌ಪೇ, ಗೂಗಲ್‌ಪೇ ಜಮೆ ತೋರಿಸಿ ಅಂದಾಗ ಅವರು ಹಿಂದೆಮುಂದೆ ನೋಡಿದರು. 2025ರ ಜುಲೈನಲ್ಲಿ ಯುಪಿಐ ಜಮೆ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಹೋದ ಮೇಲೆ ಎಲ್ಲರಿಗೂ ಆ ಹೆದರಿಕೆ ಇದೆ. ನನ್ನ ಹೆದರಿಕೆಯೂ ಅದೇ ಆಗಿತ್ತು. ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ ವ್ಯಾಪಾರವನ್ನು ಇಡಿಯಾಗಿ ಕೊಂಡರೆ ಹಳೇ ತೆರಿಗೆ ಬಾಕಿಗೆ ಕೊಂಡವರೂ ಹೊಣೆ. ಅದಕ್ಕೇ ಅವರ ಬಾಕಿ ಏನಿದೆ ಅಂತ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ತಿರ ತೆಗೆಸಿ ನೋಡಿಯೇ ಮುಂದುವರಿದೆ, ಪಗಡಿಯ ಒಂದು ಭಾಗವನ್ನು ಕೆಲವು ತಿಂಗಳು ತಡೆದೂ ಇಟ್ಟೆ. ಜಮೆ, ಹಿಟ್ಟು, ಗ್ಯಾಸು ಮೂರೂ ಸೇರಿಸಿದಾಗ ಆ ಮುನ್ನೂರು ಊಟ ಇನ್ನೂರರ ಆಸುಪಾಸಿಗೆ ಇಳಿಯಿತು. ಪಗಡಿಯೂ ಇಳಿಯಿತು.

ಇದಕ್ಕೂ ಮೊದಲು ಚೆನ್ನಮ್ಮ ಸರ್ಕಲ್ ಹತ್ತಿರ ಕಡಿಮೆ ಬಾಡಿಗೆಗೆ ಒಂದು ಜಾಗ ಬಂದಿತ್ತು. ಫ್ಲೈಓವರ್ ಕೆಲಸದ ಧೂಳಿನಲ್ಲಿ ಯಾರು ಊಟಕ್ಕೆ ನಿಲ್ಲುತ್ತಾರೆ ಅಂತ ಬಿಟ್ಟೆ. ವಿದ್ಯಾನಗರದ ಕಷ್ಟ ಬೇರೆ. ಕಾಲೇಜು ಹುಡುಗರೇ ಜಾಸ್ತಿ, ಪರೀಕ್ಷೆ ಮುಗಿದರೆ ಅರ್ಧ ಟೇಬಲ್ ಖಾಲಿ. ಹಾಗಾಗಿ ಲೆಕ್ಕ ನೋಡುವಾಗ ರಜೆಯ ತಿಂಗಳದ್ದೂ ಕೇಳಬೇಕು.

ಕರೆಂಟು, ನೀರು ಬೇಗ ಹೇಳಿಬಿಡುತ್ತೇನೆ. ಕರೆಂಟ್ ಬಿಲ್‌ನಲ್ಲಿರುವ ಆರ್‌ಆರ್ ನಂಬರ್ ಹಿಡಿದು ಹೆಸ್ಕಾಂ (ವಿದ್ಯುತ್ ಕಂಪನಿ) ಕಚೇರಿಯಲ್ಲಿ ಬಾಕಿ ಕೇಳಿ, ಹಳೇ ಬಾಕಿ ಇದ್ದರೆ ಸಂಪರ್ಕಕ್ಕೆ ತೊಂದರೆ ನಿಮಗೇ. ಮೀಟರ್ ಮನೆಯದೋ ವಾಣಿಜ್ಯದ್ದೋ ನೋಡಿ. ಮಲಪ್ರಭೆಯ ನೀರು ನಳಕ್ಕೆ ಯಾವತ್ತು ಬರುತ್ತೆ ಅಂತ ಕಾಯುವ ಓಣಿಗಳು ಇಲ್ಲಿ ಇನ್ನೂ ಇವೆ, ಸಂಪ್ ಎಷ್ಟು ದೊಡ್ಡದು ಅಂತ ಮುಚ್ಚಳ ತೆಗೆಸಿಯೇ ನೋಡಬೇಕು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಪರವಾನಗಿ, ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್ ಎರಡನ್ನೂ ನನ್ನ ಹೆಸರಿಗೆ ಹೊಸದಾಗಿ ಮಾಡಿಸಿದೆ. ಗೋಡೆಗೆ ತೂಗುಹಾಕಿದ ಹಳಬರ ಸರ್ಟಿಫಿಕೇಟ್ ನಮ್ಮದಾಗಲ್ಲ.

ಡಿಪಾಜಿಟ್ ವಿಷಯದಲ್ಲಿ ಮಾರುವವರು ಒಂದು ಸುಲಭದ ದಾರಿ ಹೇಳಿದರು. 'ನನ್ನ ಡಿಪಾಜಿಟ್ ಅಲ್ಲೇ ಇರ್ಲಿ, ಅಷ್ಟು ದುಡ್ಡು ನೀವು ನನಗ ಕೊಡ್ರಿ.' ಬೇಡ ಅಂದೆ. ಅವರ ಬಾಡಿಗೆ ಬಾಕಿ, ಒಡೆದ ಟೈಲ್ಸು ಎಲ್ಲಾ ಆಮೇಲೆ ಅದರಲ್ಲೇ ಕಡಿತ ಆಗುತ್ತೆ. ಮಾಲೀಕರು ಅವರದ್ದು ಅವರಿಗೆ ಕೊಟ್ಟರು, ನಾನು ನನ್ನದನ್ನು ಮಾಲೀಕರಿಗೆ ಚೆಕ್‌ನಲ್ಲಿ ಕೊಟ್ಟೆ.

ಹತ್ತಿರದಲ್ಲೇ ಇನ್ನೊಂದು ಖಾನಾವಳಿ ತೆಗೆಯುವುದಿಲ್ಲ ಅಂತಲೂ ಮಾರುವವರಿಂದ ಬರೆಸಿಕೊಂಡೆ. ಗುಡ್‌ವಿಲ್ ಮಾರಿದವರ ಮೇಲೆ ಇಂಥ ಶರತ್ತು ಹಾಕಲು 1872ರ ಕರಾರು ಕಾಯ್ದೆಯ 27ನೇ ಕಲಂ ಬಿಡುತ್ತೆ, ಆದರೆ ಯಾವ ಪ್ರದೇಶ ಅಂತ ನಮೂದಿಸಬೇಕು. ನಿಜ ಹೇಳಬೇಕೆಂದರೆ ಗುಡ್‌ವಿಲ್ ಇದ್ದದ್ದು ಅವರಲ್ಲಲ್ಲ, ರೊಟ್ಟಿ ಬಡಿಯುವ ಅಕ್ಕಂದಿರ ಕೈಯಲ್ಲಿ. ಅವರ ಜೊತೆ ಬೇರೆಯಾಗಿ ಮಾತಾಡಿ, ಕೂಲಿ ಏರಿಸಿ, ಉಳಿಯುತ್ತಾರೆ ಅಂತ ಖಾತ್ರಿ ಆದ ಮೇಲೆಯೇ ಅಡ್ವಾನ್ಸ್ ಕೊಟ್ಟದ್ದು.

ಕೊನೆಯ ದಿನ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಕೂತು ಎರಡು ವಹಿ ಮುಗಿಸಿದೆವು. ಒಂದು ಉದ್ರಿಯದು. ಆ ವಸೂಲಿ ಮಾರಿದವರದೇ ಅಂತ ಬಿಟ್ಟೆ. ಇನ್ನೊಂದು ತಿಂಗಳ ಊಟದ ಕೂಪನ್‌ಗಳದು. ಹುಡುಗರು ಮುಂಗಡ ದುಡ್ಡು ಕೊಟ್ಟಾಗಿತ್ತು, ಉಣಿಸಬೇಕಾದವರು ನಾವು. ಉಳಿದ ಕೂಪನ್ ಎಣಿಸಿ ಅಷ್ಟು ಮೊತ್ತವನ್ನು ಪಗಡಿಯಲ್ಲಿ ಕಳೆದು ಬಾಕಿ ಕೊಟ್ಟೆ. ಮರುದಿನ ಮಧ್ಯಾಹ್ನ ಬಂದವರಲ್ಲಿ ಕೂಪನ್‌ನವರೇ ಜಾಸ್ತಿ ಇದ್ದರು.