ಈಜುಕೊಳದ ಕಾಮಗಾರಿ ಮತ್ತು ಕೊಡಗಿನ ಮಳೆ: ನನ್ನ ಅನುಭವ

ದಕ್ಷಿಣ ಕೊಡಗಿನ ಒಂದು ಪಟ್ಟಣದಲ್ಲಿ ಸಾರ್ವಜನಿಕ ಈಜುಕೊಳ ಕಟ್ಟುವ ಕಾಮಗಾರಿಗೆ ನಾನು ಉಸ್ತುವಾರಿ ಎಂಜಿನಿಯರ್ ಆಗಿದ್ದೆ. ಕೆಲಸ ನಿಗದಿತ ಅವಧಿಯಲ್ಲಿ ಮುಗಿಯಲಿಲ್ಲ. ಊರಿನವರು ಗುತ್ತಿಗೆದಾರರನ್ನು ದೂರಿದರು, ಗುತ್ತಿಗೆದಾರರು ತಡವಾಗಿ ಬರುವ ಬಿಲ್ಲನ್ನು ದೂರಿದರು. ಎರಡರಲ್ಲೂ ಸ್ವಲ್ಪ ಸತ್ಯವಿತ್ತು. ಆದರೆ ನಾನು ಕಂಡಂತೆ ವಿಳಂಬದ ಮೂಲ ಬೇರೆಯೇ ಇತ್ತು. ನಮ್ಮಲ್ಲಿ ನೆಲ ಅಗೆದು ಮಾಡುವ ಕೆಲಸಕ್ಕೆ ನಂಬಿಕೆಯಿಂದ ಸಿಗುವುದು ಡಿಸೆಂಬರಿನಿಂದ ಮೇ ನಡುಭಾಗದವರೆಗಿನ ಒಣ ದಿನಗಳು ಮಾತ್ರ. ಕಡತ ಒಂದು ತಿಂಗಳು ಮೇಜಿನ ಮೇಲೆ ಕುಳಿತರೆ ಆ ಅವಧಿ ಕೈತಪ್ಪಿ, ಕಾಮಗಾರಿ ಒಂದು ವರ್ಷ ಹಿಂದೆ ಬೀಳುತ್ತದೆ.

ಜಾಗ ಪೈಸಾರಿ, ಅಂದರೆ ಸರ್ಕಾರಿ ಜಮೀನು ಆಗಿತ್ತು. ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿ, ನೆರೆಯ ತೋಟದವರ ಆಕ್ಷೇಪಣೆ ಕೇಳಿ, ಟೆಂಡರ್ ಮುಗಿಸುವ ಹೊತ್ತಿಗೆ ಮೊದಲ ಬೇಸಿಗೆ ಕಳೆದಿತ್ತು. ಈ ಭಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಎಲ್ಲ ಊರುಗಳಲ್ಲೂ ಇದು ಹೀಗೆಯೇ ನಡೆಯುತ್ತದೆ.

ಎರಡನೆಯ ವಿಳಂಬವನ್ನು ನಾನೇ ಕೇಳಿ ಪಡೆದೆ, ಇಂದಿಗೂ ಅದು ಸರಿಯೆಂದೇ ನಂಬಿದ್ದೇನೆ. ನಮ್ಮ ನಿವೇಶನದ ಕೆಳಗೆ ಗದ್ದೆ, ಮೇಲೆ ಕಾಫಿ ತೋಟದ ಇಳಿಜಾರು. ಆಗಸ್ಟಿನಲ್ಲಿ ಪರೀಕ್ಷಾ ಗುಂಡಿ ತೋಡಿಸಿ ನೋಡಿದಾಗ ನೀರು ನೆಲಮಟ್ಟದ ಹತ್ತಿರವೇ ನಿಂತಿತ್ತು. ಒದಗಿಸಲಾಗಿದ್ದ ನಕ್ಷೆಯಲ್ಲಿ ಕೊಳದ ತಳದಡಿ ನೀರು ಹರಿದುಹೋಗಲು ಯಾವ ಏರ್ಪಾಡೂ ಇರಲಿಲ್ಲ. ಲೆಕ್ಕ ಸರಳವಾದದ್ದು: ತಳಕ್ಕಿಂತ ಒಂದು ಮೀಟರ್ ಎತ್ತರಕ್ಕೆ ಅಂತರ್ಜಲ ಏರಿದರೆ ಪ್ರತಿ ಚದರ ಮೀಟರಿಗೆ ಒಂದು ಟನ್ ಬಲ ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ, 250 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ತಳದ ತೂಕವಾದರೋ ಸುಮಾರು 625 ಕಿಲೋ ಮಾತ್ರ. 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕೊಳಕ್ಕೆ ಒಟ್ಟು ಒತ್ತಡ 312 ಟನ್ ದಾಟುತ್ತದೆ. ಕೊಳ ತುಂಬಿರುವಾಗ ಒಳಗಿನ ನೀರಿನ ಭಾರ ಅದನ್ನು ತಡೆಯುತ್ತದೆ. ಮಳೆಗಾಲದಲ್ಲಿ ಖಾಲಿ ಇದ್ದರೆ ತಳ ಉಬ್ಬಿ ಬಿರಿಯುತ್ತದೆ, ಇಲ್ಲವೇ ಇಡೀ ತೊಟ್ಟಿಯೇ ದೋಣಿಯಂತೆ ಮೇಲೇಳುತ್ತದೆ. ಆದ್ದರಿಂದ ವಿನ್ಯಾಸ ಬದಲಾಗದೆ ಅಗೆತ ಬೇಡವೆಂದು ಬರೆದುಕೊಟ್ಟೆ. ಪರಿಷ್ಕೃತ ಅಂದಾಜು ಪಟ್ಟಿ ಮತ್ತೆ ತಾಂತ್ರಿಕ ಮಂಜೂರಾತಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಬೇಸಿಗೆಯೂ ಹೋಯಿತು. ಮಕ್ಕಳಿಗಾಗಿ ಕೊಳಕ್ಕೆ ಕಾದಿದ್ದ ತಂದೆತಾಯಂದಿರಿಗೆ ಇದನ್ನು ವಿವರಿಸುವುದು ಸುಲಭವಾಗಿರಲಿಲ್ಲ. ಹೊಳೆ, ಕೆರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಕೇಳುವ ಜಿಲ್ಲೆಯಲ್ಲಿ ಅವರ ಅವಸರ ನ್ಯಾಯವಾದದ್ದೇ ಆಗಿತ್ತು.

ಅಲ್ಲಿಂದ ಮುಂದೆ ಮಳೆಗಾಲವನ್ನು ಕಾಗದಪತ್ರಕ್ಕೂ ಸಾಮಗ್ರಿಗೂ ಮೀಸಲಿಟ್ಟೆವು. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲಿಗೆ ಕೂಲಿಯಾಳುಗಳೆಲ್ಲ ತೋಟಗಳಿಗೆ ಹೋಗುವುದರಿಂದ, ಕಂಬಿ ಕಟ್ಟುವವರನ್ನೂ ಸೆಂಟ್ರಿಂಗ್‌ನವರನ್ನೂ ಹೊರಜಿಲ್ಲೆಯಿಂದ ಮೊದಲೇ ಗೊತ್ತುಮಾಡಿ, ನಿವೇಶನದಲ್ಲಿಯೇ ಶೆಡ್ ಹಾಕಿಸಿದೆವು. ಅಗೆತಕ್ಕೆ ಮೊದಲು ಇಳಿಜಾರಿನ ಮೇಲ್ಬದಿಗೆ ಚರಂಡಿ ತೋಡಿಸಿ ತೋಟದ ನೀರನ್ನು ಬೇರೆಡೆಗೆ ತಿರುಗಿಸಿದೆವು. ತಳದಡಿ ಜಲ್ಲಿಯ ಪದರ ಹಾಕಿ, ಅದರಲ್ಲಿ ತೂತುಳ್ಳ ಪೈಪುಗಳನ್ನು ಗದ್ದೆಯ ಕಡೆಗೆ ಇಳಿಜಾರಾಗಿ ಹೂತು, ಅವು ಸೇರುವಲ್ಲಿ ಒಂದು ತಪಾಸಣಾ ಬಾವಿ ಕಟ್ಟಿಸಿದೆವು. ತಳದಲ್ಲಿ ಒತ್ತಡ ಬಿಡುಗಡೆಯ ವಾಲ್ವ್‌ಗಳನ್ನು ಕೂರಿಸಿದೆವು. ತಳ ಮತ್ತು ಗೋಡೆ ಸೇರುವ ಜಾಯಿಂಟಿನಲ್ಲಿ ನೀರು ಸೋರದಂತೆ ತಡೆಯುವ ಪಿವಿಸಿ ಪಟ್ಟಿಯನ್ನು (ವಾಟರ್‌ಸ್ಟಾಪ್) ಮಡಚದಂತೆ ನಿಲ್ಲಿಸುವ ಕೆಲಸಕ್ಕೆ ನಾನು ಸ್ವತಃ ನಿಲ್ಲುತ್ತಿದ್ದೆ, ಏಕೆಂದರೆ ಕಾಂಕ್ರೀಟ್ ಬಿದ್ದ ಮೇಲೆ ಅದನ್ನು ಸರಿಪಡಿಸಲು ಬರುವುದಿಲ್ಲ.

ಸೋರಿಕೆ ಪರೀಕ್ಷೆಗೆ ನಾಲ್ಕೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕಿತ್ತು. ಏಪ್ರಿಲ್‌ನಲ್ಲಿ ಪಟ್ಟಣದ ನಲ್ಲಿಗಳೇ ಬತ್ತುವಾಗ ಕುಡಿಯುವ ನೀರು ಕೇಳುವುದು ಸರಿಯಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮೇಲೆ ಸ್ಪ್ರಿಂಕ್ಲರ್‌ಗೆ ಬೇಡವಾಗಿದ್ದ ಕೆರೆ ನೀರನ್ನು ಹತ್ತಿರದ ಬೆಳೆಗಾರರೊಬ್ಬರು ಕೊಡಲು ಒಪ್ಪಿದರು. ಕದಡಿದ ನೀರಾದರೂ ಪರೀಕ್ಷೆಗೆ ಅಡ್ಡಿಯಿರಲಿಲ್ಲ. ಕಾಂಕ್ರೀಟ್ ನೀರು ಹೀರಿಕೊಳ್ಳಲು ಏಳು ದಿನ ಬಿಟ್ಟು, ನಂತರದ ಏಳು ದಿನ ಪ್ರತಿದಿನ ಮಟ್ಟ ಅಳೆದೆವು. ಆವಿಯಾಗುವ ನೀರಿನ ಲೆಕ್ಕಕ್ಕೆ ಕೊಳದ ಮೆಟ್ಟಿಲ ಮೇಲೆ ಒಂದು ಬಕೆಟ್ ತುಂಬಿಟ್ಟಿದ್ದೆವು. ಬಕೆಟ್ಟಿನಲ್ಲಿ ಇಳಿದಷ್ಟೇ ಕೊಳದಲ್ಲೂ ಇಳಿದದ್ದು ಕಂಡಾಗ ನನಗಾದ ಸಮಾಧಾನ ದೊಡ್ಡದು.

ಟೈಲ್ಸ್ ಕೂಡಲೇ ಹಾಕಿಸಬೇಕೆಂಬ ಒತ್ತಾಯ ಬಂದರೂ ಒಪ್ಪದೆ, ಆ ಮಳೆಗಾಲ ಪೂರ್ತಿ ಕೊಳವನ್ನು ತುಂಬಿಯೇ ಇಟ್ಟು ತಪಾಸಣಾ ಬಾವಿಯ ಮಟ್ಟವನ್ನು ಗುರುತು ಹಾಕಿಕೊಂಡೆವು. ಟೈಲ್ಸ್, ಸ್ಯಾಂಡ್ ಫಿಲ್ಟರ್, ಕ್ಲೋರಿನ್ ವ್ಯವಸ್ಥೆ ಮುಂದಿನ ಬೇಸಿಗೆಯಲ್ಲಿ ಮುಗಿದವು. ಹಸ್ತಾಂತರದ ಪತ್ರದಲ್ಲಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಯಾವ ಕಾರಣಕ್ಕೂ ಕೊಳವನ್ನು ಖಾಲಿ ಮಾಡಬಾರದೆಂದು ಬರೆಸಿ, ಅದೇ ಸೂಚನೆಯನ್ನು ಪಂಪ್ ಕೋಣೆಯ ಗೋಡೆಯ ಮೇಲೂ ಬಣ್ಣದಲ್ಲಿ ಬರೆಸಿದ್ದೇನೆ.